ಚಂದ್ರದ್ರೋಣದ ಫಕೀರರೂ ನಮ್ಮ ಲೋಟದ ಕಾಫಿಯೂ

ಹೆಬ್ಬಗೋಡಿಯಲ್ಲಿ ಫಜ್ರ್ ನಮಾಝ್ ಮುಗಿಸಿ ಹೊಸೂರು ರಸ್ತೆಯ ಕಡೆಗೆ ನಡೆದರೆ ಆ ಹೊತ್ತಿಗೆ ಬಾಗಿಲು ತೆರೆದಿರುವುದು ದರ್ಶಿನಿ ಹೋಟೆಲುಗಳು ಮಾತ್ರ. ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿದವರು, ಬೆಳಗಿನ ಪಾಳಿಗೆ ಹೊರಟವರು, ರೋಗಿಗಳ ಬಳಿ ರಾತ್ರಿಯಿಡೀ ಎಚ್ಚರವಿದ್ದ ಬಂಧುಗಳು, ಎಲ್ಲರೂ ಅಲ್ಲಿ ನಿಂತು ಒಂದೊಂದು ಲೋಟ ಕಾಫಿ ಹಿಡಿದಿರುತ್ತಾರೆ. ಅವರಲ್ಲಿ ಹಲವರಿಗೆ ಅದು ರುಚಿಗಾಗಿ ಕುಡಿಯುವ ಪಾನೀಯವಲ್ಲ. ನಿದ್ರೆಯನ್ನು ಇನ್ನೊಂದಿಷ್ಟು ಹೊತ್ತು ದೂರವಿಡುವ ಉಪಾಯ. ಕಾಫಿಯ ಚರಿತ್ರೆಯನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವಲ್ಲ. ಐನೂರು ವರ್ಷಗಳಿಗೂ ಹಿಂದೆ ಮನುಷ್ಯನು ಕಾಫಿ ಕುಡಿಯತೊಡಗಿದ್ದೂ ರಾತ್ರಿಯ ಎಚ್ಚರಕ್ಕಾಗಿಯೇ.

ಈ ಲೇಖನಕ್ಕೆ ಕಾರಣನಾದವನು ನನ್ನ ಕಿರಿಯ ಮಗ. ಶಾಲೆಯ ರಸಪ್ರಶ್ನೆಗೆಂದು ಕೊಟ್ಟಿದ್ದ ಪ್ರಶ್ನೆಗಳ ಹಾಳೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಕಾಫಿ ಬೀಜಗಳನ್ನು ಅರೇಬಿಯಾದಿಂದ ಭಾರತಕ್ಕೆ ಕದ್ದು ತಂದವರು ಯಾರು? ಉತ್ತರ: ಬಾಬಾ ಬುಡನ್. ಅವನು ಉತ್ತರವನ್ನು ಬಾಯಿಪಾಠ ಮಾಡಿದ್ದನು. ಪ್ರಶ್ನೆ ಮಾತ್ರ ಅವನನ್ನು ಬಿಡಲಿಲ್ಲ. “ಅಬ್ಬಾ, ಹಜ್ಜಿಗೆ ಹೋದವರು ಕದಿಯುತ್ತಾರಾ?” ಎಂದು ಕೇಳಿದನು. ಆ ಕ್ಷಣ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಮಳೆ ನಿಂತ ಮೇಲಿನ ಒಂದು ಶನಿವಾರ ನಾವಿಬ್ಬರೂ ಬಾಬಾ ಬುಡನ್ ಗಿರಿಗೆ ಹೊರಟೆವು. ದಾರಿಯುದ್ದಕ್ಕೂ ಅವನಿಗೆ ಹೇಳಿದ್ದನ್ನೂ, ಹಿಂದಿರುಗಿದ ಮೇಲೆ ಯೋಚಿಸಿದ್ದನ್ನೂ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಹೆಬ್ಬಗೋಡಿಯಿಂದ ಹಾಸನ, ಬೇಲೂರುಗಳ ಮೂಲಕ ಚಿಕ್ಕಮಗಳೂರಿಗೆ ಸುಮಾರು 250 ಕಿಲೋಮೀಟರ್. ಪ್ರಯಾಣ ದೀರ್ಘವಾದುದರಿಂದ ಕಥೆಯನ್ನು ಅದರ ಮೂಲದಿಂದಲೇ ಆರಂಭಿಸಲು ಸಾಧ್ಯವಾಯಿತು.

ಮೂಲವು ಯಮನ್ ದೇಶ. ಹದಿನೈದನೇ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ಸೂಫಿಗಳು ರಾತ್ರಿಯ ದ್ಸಿಕ್ರ್ ಮಜ್ಲಿಸ್‌ಗಳಲ್ಲಿ ಈ ಪಾನೀಯವನ್ನು ಬಳಸುತ್ತಿದ್ದರು. ಅದನ್ನು ಅಲ್ಲಿ ರೂಢಿಗೆ ತಂದವರೆಂದು ಏಡನ್ ನಗರದ ವಿದ್ವಾಂಸ ಮುಹಮ್ಮದ್ ಅದ್ಸ್-ದ್ಸಬ್‌ಹಾನಿಯವರ ಹೆಸರನ್ನು ಹೇಳುವವರಿದ್ದಾರೆ. ಮುಖಾ ಬಂದರಿನ ಶಾದುಲಿ ಶೈಖರ ಹೆಸರನ್ನು ಹೇಳುವವರೂ ಇದ್ದಾರೆ. ಕಾಫಿಯ ಕುರಿತು ಸುಮಾರು 1558ರಲ್ಲಿ ಒಂದು ಗ್ರಂಥವನ್ನೇ ಬರೆದ ಅಬ್ದುಲ್ ಕಾದಿರ್ ಅಲ್-ಜಝೀರಿಯವರು, ಕೈರೋದ ಅಲ್-ಅಝ್‌ಹರ್‌ನಲ್ಲಿ ಯಮನಿಗಳು ನಡೆಸುತ್ತಿದ್ದ ಮಜ್ಲಿಸ್‌ನ ವಿವರವನ್ನು ದಾಖಲಿಸಿದ್ದಾರೆ. ಸೋಮವಾರ ಮತ್ತು ಶುಕ್ರವಾರದ ರಾತ್ರಿಗಳಲ್ಲಿ ಅವರು ಸೇರುತ್ತಿದ್ದರು. ಕೆಂಪು ಮಣ್ಣಿನ ದೊಡ್ಡ ಪಾತ್ರೆಯಲ್ಲಿ ಕಾಫಿ ಇರುತ್ತಿತ್ತು. ಮುಖ್ಯಸ್ಥರು ಚಿಕ್ಕ ಸೌಟಿನಿಂದ ತೆಗೆದು ಬಲಗಡೆಯಿಂದ ಒಬ್ಬೊಬ್ಬರಿಗೆ ಕೊಡುತ್ತಿದ್ದರು. ನಾಲಿಗೆಯ ಮೇಲೆ ಅಲ್ಲಾಹನ ಸ್ಮರಣೆ ನಿಲ್ಲುತ್ತಿರಲಿಲ್ಲ. ಅಂದರೆ ನಮ್ಮ ದರ್ಶಿನಿಯ ಕಾಫಿಗೆ ಒಂದು ಪೂರ್ವಜನ್ಮವೆನ್ನಬಹುದಾದ ಕಾಲವಿದ್ದರೆ, ಅದು ಕಳೆದದ್ದು ತಹಜ್ಜುದ್‌ನ ಹೊತ್ತಿನಲ್ಲಿ.

ಎಲ್ಲರಿಗೂ ಇದು ಹಿಡಿಸಲಿಲ್ಲ. 1511ರಲ್ಲಿ ಮಕ್ಕಾದ ಅಧಿಕಾರಿ ಖಾಯಿರ್ ಬೇಗ್ ಎಂಬವನು ರಾತ್ರಿ ಕೆಲವರು ಗುಂಪಾಗಿ ಕಾಫಿ ಕುಡಿಯುವುದನ್ನು ಕಂಡು, ವಿದ್ವಾಂಸರ ಸಭೆ ಕರೆದು, ವೈದ್ಯರ ಸಾಕ್ಷ್ಯ ಪಡೆದು, ಅದನ್ನು ನಿಷೇಧಿಸಿದನು. ಬೀಜಗಳನ್ನು ಬೀದಿಯಲ್ಲಿ ಸುಡಲಾಯಿತು. ಆದರೆ ಕೈರೋದ ಸುಲ್ತಾನನಿಂದ ಬಂದ ಆಜ್ಞೆ ಅವನು ಬಯಸಿದಷ್ಟು ಕಠಿಣವಾಗಿರಲಿಲ್ಲ. ಅನುಚಿತ ಕೂಟಗಳಿಗೆ ಅದು ತಡೆಯೊಡ್ಡಿತೇ ಹೊರತು ಪಾನೀಯವನ್ನೇ ಹರಾಮ್ ಎನ್ನಲಿಲ್ಲ. ಮುಂದೆಯೂ ಹಲವು ಬಾರಿ ನಿಷೇಧಗಳು ಬಂದವು, ಹೋದವು. ಅಮಲು ಬರಿಸದ ವಸ್ತುವನ್ನು ಕೇವಲ ಅದು ಹೊಸದೆಂಬ ಕಾರಣಕ್ಕೆ ಹರಾಮ್ ಎನ್ನಲಾಗದೆಂಬ ವಾದವೇ ಕೊನೆಗೆ ಗೆದ್ದಿತು. ಅಲ್-ಜಝೀರಿಯವರ ಗ್ರಂಥ ಬರೆಯಲ್ಪಟ್ಟದ್ದೇ ಆ ವಾದದ ಸಮರ್ಥನೆಗಾಗಿ. ಇಂದು ನಮ್ಮ ನಡುವೆ ಯಾವುದಾದರೂ ಹೊಸ ವಸ್ತು ಬಂದೊಡನೆ ಫತ್ವಾ ಕೇಳಲು ಅವಸರಿಸುವವರು ಈ ಪ್ರಕರಣವನ್ನೊಮ್ಮೆ ಓದುವುದು ಒಳ್ಳೆಯದು.

ಹದಿನೇಳನೇ ಶತಮಾನದ ವೇಳೆಗೆ ಕಾಫಿ ಯಮನ್‌ನ ಬಹುದೊಡ್ಡ ಸಂಪತ್ತಾಗಿತ್ತು. ಬೆಟ್ಟದ ಮೆಟ್ಟಿಲು ಹೊಲಗಳಲ್ಲಿ ಬೆಳೆದ ಬೀಜಗಳು ಮುಖಾ ಬಂದರಿನಿಂದ ಲೋಕವೆಲ್ಲ ಹರಡುತ್ತಿದ್ದವು. ಹಜ್ ಮುಗಿಸಿ ಕೆಂಪು ಸಮುದ್ರದ ಮಾರ್ಗವಾಗಿ ಹಿಂದೂಸ್ಥಾನಕ್ಕೆ ಮರಳುವ ಹಡಗುಗಳಿಗೂ ಮುಖಾ ಒಂದು ತಂಗುದಾಣವಾಗಿತ್ತು. ಅಲ್ಲಿಗೆ ನಮ್ಮ ಕಾರು ಬೇಲೂರು ದಾಟಿ, ಎಡಬಲಗಳಲ್ಲಿ ಸಿಲ್ವರ್ ಓಕ್ ಮರಗಳೂ ಅವುಗಳ ನೆರಳಿನಲ್ಲಿ ಕಾಫಿ ಗಿಡಗಳೂ ಕಾಣತೊಡಗಿದ್ದವು. ಕಥೆಯೂ ಯಮನ್‌ನಿಂದ ನಮ್ಮ ನಾಡಿಗೆ ಬರಬೇಕಾದ ಹೊತ್ತು.

ಪರಂಪರೆ ಹೇಳುವುದಿಷ್ಟು: ಚಂದ್ರದ್ರೋಣ ಪರ್ವತದ ಗುಹೆಯೊಂದರಲ್ಲಿ ಸಾಧನೆ ನಡೆಸುತ್ತಿದ್ದ ಹಝ್ರತ್ ಬಾಬಾ ಬುಡನ್ ಅವರು ಹದಿನೇಳನೇ ಶತಮಾನದಲ್ಲಿ ಹಜ್ ಯಾತ್ರೆಯಿಂದ ಮರಳುವಾಗ ಏಳು ಕಾಫಿ ಬೀಜಗಳನ್ನು ತಂದು ಗುಹೆಯ ಬಳಿ ನೆಟ್ಟರು. ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿಯೂ ಕಾಫಿಯನ್ನು ಈ ಸೀಮೆಗೆ ತಂದ ಕೀರ್ತಿ ಬಾಬಾ ಬುಡನ್ ಅವರಿಗೇ ಸಲ್ಲುತ್ತದೆ. ಅದೇ ಗುಹೆಯೊಡನೆ ದಾದಾ ಹಯಾತ್ ಮೀರ್ ಕಲಂದರ್ ಎಂಬ ಇನ್ನೂ ಹಿಂದಿನ ಸಂತರೊಬ್ಬರ ಹೆಸರೂ ಕೂಡಿಕೊಂಡಿದೆ. ಜನರ ಬಾಯಲ್ಲಿ ಇಬ್ಬರೂ ಒಬ್ಬರೇ ಆಗಿಬಿಡುವುದುಂಟು. ಚರಿತ್ರೆಯನ್ನು ಓದುವವನು ಪರಂಪರೆಯನ್ನು ಪರಂಪರೆಯೆಂದೂ ದಾಖಲೆಯನ್ನು ದಾಖಲೆಯೆಂದೂ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಏಳು ಎಂಬ ಸಂಖ್ಯೆ, ಬೀಜಗಳನ್ನು ಗಡ್ಡದಲ್ಲಿ ಅಥವಾ ಸೊಂಟದ ಬಟ್ಟೆಯಲ್ಲಿ ಮರೆಮಾಡಿದರೆಂಬ ಬಣ್ಣನೆ, ಇವೆಲ್ಲ ಹೇಳುವವರ ಬಾಯಿಂದ ಬೆಳೆದವು.

ಆದರೆ ಪರಂಪರೆಯೆಂದ ಮಾತ್ರಕ್ಕೆ ತಳ್ಳಿಹಾಕುವಂತಿಲ್ಲ. ಸಸ್ಯಶಾಸ್ತ್ರ ಅದರ ಪರವಾಗಿ ಎರಡು ಸಂಗತಿಗಳನ್ನು ಹೇಳುತ್ತದೆ. ಮೊದಲನೆಯದು, ಅರೇಬಿಕಾ ಕಾಫಿ ಸ್ವಪರಾಗಸ್ಪರ್ಶದ ಗಿಡ. ರೊಬಸ್ಟಾಗೆ ಬೇರೊಂದು ಗಿಡದ ಪರಾಗ ಬೇಕು. ಅರೇಬಿಕಾ ಒಂದೇ ಗಿಡವಿದ್ದರೂ ಕಾಯಿ ಕಟ್ಟುತ್ತದೆ. ಆದುದರಿಂದ ಏಳೇನು, ಒಂದೇ ಬೀಜ ಮೊಳೆತರೂ ಒಂದು ಸೀಮೆಯ ತೋಟಗಳಿಗೆ ಸಾಕು. ಎರಡನೆಯದು, ಕಾಫಿ ಬೀಜ ಬಹುಕಾಲ ಜೀವ ಹಿಡಿದಿರುವ ಬೀಜವಲ್ಲ. ಕೆಲವು ತಿಂಗಳುಗಳಲ್ಲಿ ಅದರ ಮೊಳೆಯುವ ಶಕ್ತಿ ಕುಂದುತ್ತದೆ. ಅದು ಬಯಲುಸೀಮೆಯ ಬಿಸಿಲಿಗೆ ಒಗ್ಗುವ ಗಿಡವೂ ಅಲ್ಲ. ಎತ್ತರ, ತಂಪು, ನೆರಳು, ಹದವಾದ ಮಳೆ ಎಲ್ಲವೂ ಬೇಕು. ಯಮನ್‌ನ ಬೆಟ್ಟಗಳಲ್ಲಿ ಅದು ಬೆಳೆಯುವ ಬಗೆಯನ್ನು ಕಣ್ಣಾರೆ ಕಂಡು, ತನ್ನ ಬೆಟ್ಟವೂ ಅಂಥದೇ ಎಂದು ಗುರುತಿಸಿ, ಬೀಜವನ್ನು ಜೋಪಾನವಾಗಿ ತಂದು ನೆಟ್ಟವರು ಕೇವಲ ಒಬ್ಬ ಯಾತ್ರಿಕರಲ್ಲ, ಮಣ್ಣನ್ನೂ ಬಲ್ಲವರು.

ಇನ್ನು ಕಳವಿನ ಮಾತು. ಯಮನ್‌ನವರು ಮೊಳೆಯಬಲ್ಲ ಬೀಜವನ್ನು ಹೊರಗೆ ಬಿಡುತ್ತಿರಲಿಲ್ಲ, ಬೇಯಿಸಿ ಅಥವಾ ಹುರಿದು ಮಾರುತ್ತಿದ್ದರು ಎಂಬುದು ಎಲ್ಲೆಡೆ ಹೇಳುವ ಕಥೆ. ಅದು ನಿಜವೆಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಶತಮಾನದ ಕೊನೆಯಲ್ಲಿ, 1696ರಲ್ಲಿ, ಡಚ್ ಈಸ್ಟ್ ಇಂಡಿಯಾ ಕಂಪನಿಯವರು ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಸಾಗಿಸಿದರು. ಪ್ರವಾಹದಲ್ಲಿ ಅವು ಹಾಳಾದ ಮೇಲೆ 1699ರಲ್ಲಿ ಮತ್ತೆ ಸಾಗಿಸಿದರು. 1706ರಲ್ಲಿ ಜಾವಾದಿಂದ ಒಂದು ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನ ಸೇರಿತು. ಅದರ ಸಂತತಿಯ ಗಿಡವೊಂದು 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗೆ ಉಡುಗೊರೆಯಾಯಿತು. 1720ರ ದಶಕದಲ್ಲಿ ಫ್ರೆಂಚರು ಅದನ್ನು ಅಟ್ಲಾಂಟಿಕ್ ದಾಟಿಸಿ ಮಾರ್ಟಿನಿಕ್ ದ್ವೀಪಕ್ಕೆ ಒಯ್ದರು. ಜಾವಾದಲ್ಲಿ ರೈತರಿಂದ ಕಡ್ಡಾಯವಾಗಿ ಕಾಫಿ ಬೆಳೆಸಿ ಕಂಪನಿ ತಾನೇ ಗೊತ್ತುಮಾಡಿದ ಬೆಲೆಗೆ ಕಿತ್ತುಕೊಂಡಿತು. ಕೆರಿಬಿಯನ್ ದ್ವೀಪಗಳಲ್ಲಿ ಆ ಗಿಡಗಳನ್ನು ಬೆಳೆಸಿದವರು ಆಫ್ರಿಕದಿಂದ ಸಂಕೋಲೆಯಲ್ಲಿ ತಂದ ಗುಲಾಮರು. ಯಾವ ರಸಪ್ರಶ್ನೆಯಲ್ಲಿಯೂ ಇವರನ್ನು ಕಳ್ಳರೆಂದು ಕರೆದುದನ್ನು ನಾನು ಕಂಡಿಲ್ಲ. ಅವರು ಕಾಫಿಯನ್ನು ‘ಪರಿಚಯಿಸಿದರು’. ಫಕೀರರು ಮಾತ್ರ ‘ಕದ್ದರು’!

ಮಲಬಾರಿನ ಆ ಸಸಿಗಳು ಚಂದ್ರದ್ರೋಣದ ಗಿಡಗಳ ಸಂತತಿಯೇ ಎಂದು ನಾನು ಪ್ರತಿಪಾದಿಸಲಾರೆ. ಅಭಿಮಾನಕ್ಕಾಗಿ ದಾಖಲೆಯನ್ನು ಹಿಗ್ಗಿಸುವುದು ಚರಿತ್ರೆಗೆ ಮಾಡುವ ಅನ್ಯಾಯ. ನಿಶ್ಚಿತವಾದುದು ಇಷ್ಟು: ಯೂರೋಪಿನವರು ಏಷ್ಯಾದಲ್ಲಿ ಕಾಫಿ ತೋಟಗಳನ್ನು ಮಾಡುವುದಕ್ಕೆ ಮೊದಲೇ ನಮ್ಮ ಪಶ್ಚಿಮ ಕರಾವಳಿಯ ಸೀಮೆಯಲ್ಲಿ ಕಾಫಿ ಗಿಡ ಬೇರೂರಿತ್ತು. ಹಾಗೆ ಬೇರೂರಿಸಿದವರು ಅರಬ್ ಲೋಕದೊಡನೆ ಹಜ್ ಹಾಗೂ ವ್ಯಾಪಾರಗಳ ನಂಟು ಹೊಂದಿದ್ದ ಜನರೆಂದು ತಿಳಿಯುವುದೇ ಯುಕ್ತ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನಾಗಲಿ ಪಶುಪಕ್ಷಿಯಾಗಲಿ ತಿಂದರೆ ಅದು ನೆಟ್ಟವನ ಲೆಕ್ಕದಲ್ಲಿ ಸದಕಾ ಆಗುತ್ತದೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಬಾಬಾ ಬುಡನ್ ಅವರು ಆ ಗಿಡಗಳಿಗೆ ಬೇಲಿ ಹಾಕಿ ಬೆಲೆ ಕಟ್ಟಿದರೆಂದು ಯಾವ ಕಥೆಯೂ ಹೇಳುವುದಿಲ್ಲ. ಮಗನಿಗೆ ನಾನು ಕೊಟ್ಟ ಉತ್ತರ ಇದೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹಾಳೆಯಲ್ಲಿ ‘ತಂದವರು ಯಾರು’ ಅಂತ ತಿದ್ದಿಕೊಳ್ಳಲಾ?” ಎಂದನು. ತಿದ್ದಿಕೋ ಎಂದೆ.

ಚಿಕ್ಕಮಗಳೂರಿನಿಂದ ಬೆಟ್ಟಕ್ಕೆ ಕೈಮರದ ತಪಾಸಣಾ ಠಾಣೆ ದಾಟಿ ಹೋಗಬೇಕು. ಅರ್ಧಚಂದ್ರದ ಆಕಾರದಲ್ಲಿ ಬಾಗಿರುವುದರಿಂದ ಈ ಶ್ರೇಣಿಗೆ ಚಂದ್ರದ್ರೋಣವೆಂಬ ಹೆಸರು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಕರ್ನಾಟಕದ ಅತ್ಯುನ್ನತ ಶಿಖರ, ಇದರಲ್ಲಿಯೇ ಇದೆ. ಬಾಬಾ ಬುಡನ್ ಗಿರಿ 1,895 ಮೀಟರ್. ಮೇಲೇರಿದಂತೆ ಕಾಫಿ ತೋಟಗಳು ಮುಗಿದು ಹುಲ್ಲಿನ ಬೋರೆಗಳೂ ಅವುಗಳ ಮಡಿಲಲ್ಲಿ ಕಡುಹಸಿರಿನ ಶೋಲಾ ಕಾಡುಗಳೂ ಕಾಣುತ್ತವೆ. ವರ್ಷಗಳ ಅಂತರದಲ್ಲಿ ಒಮ್ಮೆ ನೀಲಕುರಿಂಜಿ ಅರಳಿ ಇಡೀ ಬೆಟ್ಟ ನೀಲಿಯಾಗುತ್ತದೆ. 2022ರಲ್ಲಿ ಅಂಥದೊಂದು ಹೂವಿನ ಋತು ಬಂದಿತ್ತು. ಈ ಕಾಡುಗಳೇ ಮಳೆಯ ನೀರನ್ನು ಹಿಡಿದಿಟ್ಟು ತೊರೆಗಳಾಗಿ ಬಿಡುತ್ತವೆ. ಇಲ್ಲಿ ಹುಟ್ಟುವ ವೇದಾವತಿಯು ಬರದ ನಾಡಾದ ಹೊಸದುರ್ಗ, ಹಿರಿಯೂರುಗಳವರೆಗೆ ಹರಿದು ವಾಣಿವಿಲಾಸ ಸಾಗರವನ್ನು ತುಂಬುತ್ತದೆ.

ನಮ್ಮ ಪರಿಚಯದ ಯುವಕರು ರಜೆ ಸಿಕ್ಕಿದೊಡನೆ ಮಸ್ಸೂರಿ, ನೈನಿತಾಲ್‌ಗಳಿಗೆ ವಿಮಾನ ಹತ್ತುತ್ತಾರೆ. ಹಿಮಾಲಯದ ತಪ್ಪಲಿನ ಆ ಊರುಗಳು ಸುಂದರವೇ. ಆದರೆ ಅವು ಗಿರಿಧಾಮಗಳಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಬಯಲಿನ ಸೆಕೆಯನ್ನು ತಾಳಲಾರದ ಬ್ರಿಟಿಷ್ ಅಧಿಕಾರಿಗಳ ಅನುಕೂಲಕ್ಕಾಗಿ. ಈ ಶ್ರೇಣಿಯಲ್ಲಿಯೂ ಕೆಮ್ಮಣ್ಣುಗುಂಡಿ ಎಂಬ ಗಿರಿಧಾಮವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬಿಡಾರ ಅದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಅಲ್ಲಿಂದಲೇ. ಇಂಗ್ಲಿಷ್ ತೋಟಗಾರರೂ ಬಂದರು. 1830ರ ಸುಮಾರಿಗೆ ಥಾಮಸ್ ಕ್ಯಾನನ್ ಈ ಬೆಟ್ಟಗಳ ತಪ್ಪಲಿನಲ್ಲಿ ತೋಟ ಮಾಡಿದನು. ಆಗಿನ ಸ್ಥಳೀಯ ಕಾಫಿ ತಳಿಗೆ ಚಿಕ್ಕಮಗಳೂರಿನಿಂದಲೇ ‘ಚಿಕ್’ ಎಂಬ ಹೆಸರು ಬಂದಿತ್ತು. ಕೊರೆಯುವ ಹುಳುವಿನ ಹಾಗೂ ಎಲೆಯ ತುಕ್ಕುರೋಗದ ಹಾವಳಿಯಲ್ಲಿ ಅದು ಹಿಂದೆ ಸರಿಯಿತು. ಅನಂತರ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 2019ರಲ್ಲಿ ‘ಬಾಬಾಬುಡನ್‌ಗಿರಿ ಅರೇಬಿಕಾ’ಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು, ಫಕೀರರ ಹೆಸರು ಸರಕಾರಿ ಮುದ್ರೆಯೊಡನೆ ಕಾಫಿ ಚೀಲದ ಮೇಲೆ ಕುಳಿತಿತು. ದೊರೆಗಳೂ ದೊರೆಸಾನಿಗಳೂ ತಂಪು ಹುಡುಕಿ ಬೆಟ್ಟ ಹತ್ತುವ ಮೊದಲೇ ಇಲ್ಲಿ ಒಬ್ಬರು ಏಕಾಂತ ಹುಡುಕಿ ಹತ್ತಿದ್ದರು ಎಂಬುದು ಈ ಬೆಟ್ಟದ ವಿಶೇಷ. ವಹ್ಯ್ ಇಳಿಯುವ ಮುನ್ನ ಪ್ರವಾದಿ(ಸ)ರು ಮಕ್ಕಾದ ಗದ್ದಲ ಬಿಟ್ಟು ಹಿರಾ ಗುಹೆಗೆ ಹೋಗುತ್ತಿದ್ದುದನ್ನು ಬಲ್ಲವರಿಗೆ ಬೆಟ್ಟ, ಗುಹೆ ಮತ್ತು ಮೌನಗಳ ಸಂಬಂಧವನ್ನು ವಿವರಿಸಬೇಕಾಗಿಲ್ಲ.

ದರ್ಗಾ ಸಂದರ್ಶನದ ಕುರಿತು ನಮ್ಮ ನಡುವೆಯೇ ಭಿನ್ನಾಭಿಪ್ರಾಯಗಳಿವೆ. ನಾನು ಇಲ್ಲಿ ಆ ಚರ್ಚೆಗೆ ಕೈಹಾಕುವುದಿಲ್ಲ. ನಾನು ಹೋದದ್ದು ಚರಿತ್ರೆಯ ವಿದ್ಯಾರ್ಥಿಯಾಗಿ. ಆದರೆ ಚರಿತ್ರೆಯ ವಿದ್ಯಾರ್ಥಿಗೂ ಗುಹೆಯ ಮುಂದೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಪೊಲೀಸ್ ಬಂದೋಬಸ್ತು ಎಂಬುದು ವಿಷಾದದ ಸಂಗತಿ.

ಈ ಸ್ಥಳದ ಅಧಿಕೃತ ಹೆಸರು ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ. ಒಂದೇ ಹೆಸರಿನಲ್ಲಿ ಗುರು, ಬಾಬಾ, ಸ್ವಾಮಿ, ದರ್ಗಾ ನಾಲ್ಕೂ ಇವೆ. ಹಿಂದೂಗಳಿಗೆ ಇದು ದತ್ತಾತ್ರೇಯರ ಪೀಠ. ಮುಸ್ಲಿಮರಿಗೆ ದಾದಾ ಹಯಾತ್ ಕಲಂದರರ ಗುಹೆ. 1975ರಲ್ಲಿ ಸಂಸ್ಥೆಯನ್ನು ಮುಜರಾಯಿ ಇಲಾಖೆಯಿಂದ ವಕ್ಫ್ ಮಂಡಳಿಗೆ ವರ್ಗಾಯಿಸಿದ್ದು ವ್ಯಾಜ್ಯಕ್ಕೆ ದಾರಿಯಾಯಿತು. ಆ ವ್ಯಾಜ್ಯದ ಹಾದಿಯಲ್ಲಿ, 1975ಕ್ಕೂ ಮೊದಲು ಇಲ್ಲಿ ಯಾವ ಪದ್ಧತಿಗಳು ನಡೆಯುತ್ತಿದ್ದವೆಂಬುದನ್ನು ಮುಜರಾಯಿ ಆಯುಕ್ತರು ವಿಚಾರಿಸಿ 1989ರಲ್ಲಿ ದಾಖಲಿಸಿದರು. ಅದರಲ್ಲಿ ಕಾಣುವ ಚಿತ್ರ ಇದು: ಶಾಖಾದ್ರಿಯವರು ನೇಮಿಸಿದ ಮುಜಾವರರು ಗುಹೆಯೊಳಗೆ ಹೋಗುತ್ತಾರೆ, ಪಾದುಕೆಗಳ ಮೇಲೆ ಹೂವಿಡುತ್ತಾರೆ, ನಂದಾದೀಪ ಬೆಳಗುತ್ತಾರೆ, ಬಂದ ಹಿಂದೂಗಳಿಗೂ ಮುಸ್ಲಿಮರಿಗೂ ತೀರ್ಥ ಕೊಡುತ್ತಾರೆ. ಅಕೀದಾದ ಅಳತೆಗೋಲು ಹಿಡಿದವರಿಗೆ ಇದು ಮುಜುಗರ ತರಬಹುದು. ಆ ಕಡೆಯಲ್ಲಿಯೂ ಶಾಸ್ತ್ರದ ಅಳತೆಗೋಲು ಹಿಡಿದವರಿಗೆ ಮುಸ್ಲಿಮನ ಕೈಯ ತೀರ್ಥ ಮುಜುಗರ ತರಬಹುದು. ಬೆಟ್ಟ ಹತ್ತಿ ಬಂದ ರೈತರೂ ಕೂಲಿಗಳೂ ಹರಕೆಯ ತಾಯಂದಿರೂ ಎರಡೂ ಕಡೆಯವರ ಅಪ್ಪಣೆಗೆ ಕಾಯದೆ ಬಹುಕಾಲ ಹೀಗೆಯೇ ನಡೆದುಕೊಂಡರು.

ಮುಂದಿನದು ನ್ಯಾಯಾಲಯದ ದಾರಿ. 2018ರಲ್ಲಿ ರಾಜ್ಯ ಸರಕಾರವು ಮುಜಾವರರ ಪದ್ಧತಿಯನ್ನೇ ಉಳಿಸಿ ಆದೇಶ ಹೊರಡಿಸಿತು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. 2022ರಲ್ಲಿ ಸರಕಾರ ಆಡಳಿತ ಸಮಿತಿಯನ್ನು ರಚಿಸಿತು; ಹಿಂದೂ ಅರ್ಚಕರೂ ನೇಮಕವಾದರು. ನ್ಯಾಯಾಲಯ ಮಾಡಬೇಕಾದುದನ್ನು ಲೇಖನ ಮಾಡಲಾಗದು. ಒಂದು ಮಾತನ್ನು ಮಾತ್ರ ಹೇಳಬಯಸುತ್ತೇನೆ, ಅದೂ ನಮ್ಮವರಿಗೆ. ಈ ಬೆಟ್ಟದ ಮೇಲೆ ನಮ್ಮ ಚರಿತ್ರೆ ಇದೆ ಎಂದು ಭಾಷಣಗಳಲ್ಲಿ ಹೇಳುವ ನಾವು ಆ ಚರಿತ್ರೆಯನ್ನು ಎಷ್ಟು ಓದಿದ್ದೇವೆ? ನಮ್ಮ ಮಕ್ಕಳಿಗೆ ಬಾಬಾ ಬುಡನ್ ಎಂದರೆ ಟಿವಿಯಲ್ಲಿ ಬರುವ ಒಂದು ವಿವಾದದ ಹೆಸರು, ಇಲ್ಲವೇ ರಸಪ್ರಶ್ನೆಯ ಒಬ್ಬ ಕಳ್ಳ. ಅವರು ರಾತ್ರಿ ಎಚ್ಚರವಿದ್ದವರು, ಬೀಜ ನೆಟ್ಟವರು, ತಮ್ಮ ಬಾಗಿಲಿಗೆ ಬಂದವನ ಕುಲ ಕೇಳದವರೆಂದು ಜನರು ನೆನೆದ ಒಬ್ಬ ಗುರು, ಎಂಬುದನ್ನು ಅವರಿಗೆ ಹೇಳಬೇಕಾದವರು ಬೇರೆ ಯಾರು?

ನಾವು ಗುಹೆಯ ಸರದಿಯಲ್ಲಿ ನಿಂತಾಗ ಮುಂದೆ ಕಡೂರು ಕಡೆಯ ವೃದ್ಧೆಯೊಬ್ಬರಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಊದುಬತ್ತಿ ಮತ್ತು ಸಕ್ಕರೆಯ ಪೊಟ್ಟಣ. ನನ್ನ ಟೋಪಿ ನೋಡಿ, “ಸಾಬ್ರೇ, ಮಂಜು ಜಾಸ್ತಿ ಐತೆ, ಮಗೀನ ಕೈ ಹಿಡ್ಕಳಿ” ಎಂದರು. ವರ್ಷಕ್ಕೊಮ್ಮೆ ಬರುತ್ತೀರಾ ಎಂದು ಕೇಳಿದೆ. “ಅತ್ತೆ ಬರ್ತಿದ್ರು, ನಾನೂ ಬತ್ತೀನಿ. ಅಜ್ಜಯ್ಯಂಗೆ ಹೇಳ್ಕಂಡಿದ್ದು ಅಲ್ವಾ” ಎಂದರು. ಅಜ್ಜಯ್ಯ ಎಂದರೆ ದತ್ತರೋ ಬಾಬಾರೋ ಎಂದು ಕೇಳಬೇಕೆನಿಸಿತು; ಕೇಳಲಿಲ್ಲ.

ಅಸ್ರ್ ನಮಾಝನ್ನು ಬೆಟ್ಟದ ಮೇಲೆಯೇ ಮಾಡಿದೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಿಬ್ಲಾ ನೋಡಲು ಮೊಬೈಲಿನ ಮೊರೆಹೋಗಬೇಕಾಯಿತು. ಇಳಿಯುವಾಗ ಅತ್ತಿಗುಂಡಿಯ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಮಗನು ತೋಟದ ಅಂಚಿನ ಗಿಡವೊಂದನ್ನು ಬಹಳ ಹೊತ್ತು ನೋಡಿದನು. ಹಣ್ಣು ಕೆಂಪಾಗತೊಡಗಿತ್ತು. ಒಂದನ್ನು ಕಿತ್ತುಕೊಳ್ಳಲೇ ಎಂದು ಅಲ್ಲಿ ಕೆಲಸ ಮಾಡುತ್ತಿದ್ದವರನ್ನು ಕೇಳಿಯೇ ಕಿತ್ತನು. ಬೆಳಗಿನ ಮಾತು ಅವನ ಮನಸ್ಸಿನಲ್ಲಿತ್ತೆಂದು ತೋರುತ್ತದೆ. ಬಿಡಿಸಿದಾಗ ಲೋಳೆಯೊಳಗೆ ಎರಡು ಬೀಜಗಳಿದ್ದವು. ಅವನ್ನು ಹೆಬ್ಬಗೋಡಿಯಲ್ಲಿ ಕುಂಡದಲ್ಲಿ ನೆಡುತ್ತೇನೆಂದನು. ಅಲ್ಲಿ ಬಿಸಿಲು ಹೆಚ್ಚು, ಕಾಯಿ ಕಟ್ಟುವುದು ಕಷ್ಟ ಎಂದು ಆ ಕೆಲಸಗಾರರು ಹೇಳಿದರು. ಆದರೂ ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಅವನ ಜೇಬಿಗೆ ಹಾಕಿದರು.

ಚಿಕ್ಕಮಗಳೂರಿನ ಪುಡಿ ಅಂಗಡಿಗೆ ಬಂದಾಗ ಕತ್ತಲಾಗಿತ್ತು. ಮಸೀದಿಯ ಹಿರಿಯರೊಬ್ಬರು ತಂದುಕೊಡಲು ಹೇಳಿದ್ದರಿಂದ ಅರ್ಧ ಕಿಲೋ ಅಳೆಯಲು ಹೇಳಿದೆ. ಚಿಕೋರಿ ಎಷ್ಟು ಬೆರೆಸಲಿ ಎಂದು ಅಂಗಡಿಯವರು ಕೇಳಿದರು. ಬೆರೆಸಬೇಡಿ ಎಂದೆ.